ರೊಟ್ಟಿ ಸಾಲಿನ ಓದುಗರು

ವಸಂತದ ಮೇಲೆ ಒಂದು ಪ್ರಬಂಧ ಬರೆಯಿರಿ ಎಂದು ಜುರಾಕಾನ್ ಮೂರನೇ ತರಗತಿಗೆ ಹೇಳಿದ್ದು ಮಾರ್ಚ್ ಮೊದಲ ವಾರದಲ್ಲಿ. ಹತ್ತೊಂಬತ್ತು ಮಕ್ಕಳೂ ಬರೆದರು. ಹತ್ತೊಂಬತ್ತು ಪುಸ್ತಕಗಳಲ್ಲೂ ಹಿಮ ಕರಗಿತು, ತೊರೆ ಹರಿಯಿತು, ಹಕ್ಕಿ ಹಾಡಿತು. ಕಿಟಕಿಯಾಚೆ ನೋಡಿದರೆ ಮೊಣಕಾಲುದ್ದ ಹಿಮ ಬಿದ್ದಿದ್ದು ಬಿದ್ದ ಹಾಗೇ ಇತ್ತು.

ಹಿಮಬೆಟ್ಟಗಳ ನಡುವಿನ ಕೋಕ್-ಬುಲಾಕ್ ಊರಿನ ಶಾಲೆಯಲ್ಲಿ ಆಕೆ ಪಾಠ ಹೇಳಲು ತೊಡಗಿ ಇಪ್ಪತ್ತಾರು ವರ್ಷವಾಗಿತ್ತು. ಜುರಾಕಾನಳ ಮಕ್ಕಳ ಅಕ್ಷರ ಮುತ್ತು ಪೋಣಿಸಿದಂತೆ ಇರುತ್ತದೆ ಎಂದು ಸುತ್ತಲಿನ ಹಳ್ಳಿಗಳಲ್ಲೆಲ್ಲ ಹೆಸರಿತ್ತು. ಆ ಹೆಸರು ಆಕೆಗೂ ಇಷ್ಟವಾಗಿತ್ತು. ಪುಸ್ತಕಗಳನ್ನು ತಿದ್ದಿ ಹಂಚುತ್ತಿದ್ದಾಗ ಕಿಟಕಿ ಪಕ್ಕದ ಬೆಂಚಿನಿಂದ ಸೆಜಿಮ್ ಎದ್ದು ನಿಂತಳು. ಪಾಠ ಓದು ಎಂದರೆ ಪ್ರತಿ ಸಾಲಿಗೂ ನಾಲ್ಕು ಸಲ ತಡವರಿಸುವ, ಆದರೆ ಮಾತಿಗೆ ನಿಂತರೆ ಯಾರಿಗೂ ಬಗ್ಗದ ಹುಡುಗಿ.

"ಎಜೆ, ನಾವು ಬರೆದಿದ್ದನ್ನ ಯಾರು ಓದ್ತಾರೆ?"

ಅಲ್ಲಿ ಟೀಚರನ್ನು ಮಕ್ಕಳು ಕರೆಯುವುದೇ ಎಜೆ ಎಂದು, ಅಕ್ಕ ಅನ್ನುವ ಹಾಗೆ.

"ನಾನು ಓದ್ತೀನಲ್ಲ ತಾಯಿ."

"ನೀವು ಓದಲ್ಲ ಎಜೆ. ತಪ್ಪು ಹುಡುಕ್ತೀರ."

ಬೈಯಬೇಕೆಂದು ಬಾಯಿ ತೆರೆದ ಜುರಾಕಾನ್ ಕೈಯಲ್ಲಿದ್ದ ಪುಸ್ತಕಗಳ ಕಡೆ ನೋಡಿದಳು. ಆ ಹತ್ತೊಂಬತ್ತರಲ್ಲಿ ಯಾವ ಪುಸ್ತಕ ಯಾರದು ಎಂದು ಕೇಳಿದ್ದರೆ, ರಟ್ಟಿನ ಮೇಲಿನ ಹೆಸರು ನೋಡದೆ ಹೇಳಲು ಆಕೆಗೆ ಸಾಧ್ಯವಿರಲಿಲ್ಲ.

ಮಾರನೆಯ ದಿನ ಬೆಳಗ್ಗೆ ಆಕೆ ಕರಿಹಲಗೆಯ ಮೇಲೆ ಏನೂ ಬರೆಯಲಿಲ್ಲ. "ನೀವೇ ಕಣ್ಣಾರೆ ಕಂಡಿದ್ದು, ನನಗೆ ಗೊತ್ತಿಲ್ಲದ್ದು ಬರೀರಿ. ಹಕ್ಕಿ ಹಾಡ್ತು ಅಂದ್ರೆ ಯಾವ ಹಕ್ಕಿ ಅಂತ ಕೇಳ್ತೀನಿ. ಬರೆದಿದ್ದನ್ನ ಅನಾರ್ಕಾನ್ ಅಂಗಡಿ ಗೋಡೆಗೆ ಹಚ್ಚೋಣ. ಊರೇ ಓದ್ಲಿ."

ಆ ಗೋಡೆಯನ್ನು ಆಕೆ ಯೋಚಿಸಿಯೇ ಆರಿಸಿದ್ದಳು. ಪೇಟೆಯಿಂದ ರೊಟ್ಟಿ ತರುವ ವ್ಯಾನ್ ಮಧ್ಯಾಹ್ನ ಎರಡಕ್ಕೆ ಬರಬೇಕು, ಬರುವುದು ಮೂರಕ್ಕೆ. ಅಲ್ಲಿಯವರೆಗೆ ಅರ್ಧ ಊರು ಆ ಗೋಡೆಗೆ ಮುಖ ಮಾಡಿ ಕಾಲು ಕುಟ್ಟುತ್ತ ನಿಂತಿರುತ್ತದೆ. ನೋಡಲು ಬೇರೆ ಏನೂ ಇಲ್ಲ.

ಸೆಜಿಮ್ ಬರೆದದ್ದು ಒಂದೇ ಪುಟ:

"ನಮ್ಮ ಓಣಿಯ ನಲ್ಲಿ ಕೆಟ್ಟು ಹನ್ನೊಂದು ದಿನ ಆಯಿತು. ನೀರು ಸೋರಿ ಸೋರಿ ಓಣಿ ತುಂಬ ಮಂಜುಗಡ್ಡೆ. ಇಲ್ಲಿಯವರೆಗೆ ಜಾರಿ ಬಿದ್ದವರು: ನನ್ನ ಅಜ್ಜಿ, ಟಪಾಲು ತರುವ ಹೆಂಗಸು, ಒಂದು ಹಸು, ನಾನು ಎರಡು ಸಲ. ಟಪಾಲಿನವರು ಬಿದ್ದಾಗ ಎಲ್ಲರೂ ನಕ್ಕರು. ಹಸು ಬಿದ್ದಾಗ ಯಾರೂ ನಗಲಿಲ್ಲ. ಹೇಳೋಣ ಅಂತ ನೀರಿನ ಶಂಶಿ ಬಾಯ್ಕೆ ಮನೆಗೆ ಹೋದೆ. ಅವರು ಮಲಗಿದ್ದರು. ಆಗ ಮಧ್ಯಾಹ್ನ."

ಜುರಾಕಾನ್ ಎರಡು ಸಲ ಓದಿದಳು. ಮೊದಲ ಸಲ ನಕ್ಕಳು, ಎರಡನೇ ಸಲ ಹುಬ್ಬು ಗಂಟಿಕ್ಕಿದಳು. ಊರಿನ ನಲ್ಲಿ, ಪೈಪು, ಕೀಲಿಗಳೆಲ್ಲ, ಮಕ್ಕಳು ಅಣ್ಣ ಎನ್ನುವ ಹಾಗೆ ಬಾಯ್ಕೆ ಎಂದು ಕರೆಯುವ ಶಂಶಿಯ ಕೈಯಲ್ಲಿದ್ದವು. ದೊಡ್ಡ ಆಳು, ಸಣ್ಣ ತಾಳ್ಮೆ. ಆಕೆ ಸೆಜಿಮ್‌ಳನ್ನು ಹತ್ತಿರ ಕರೆದಳು.

"ಮಲಗಿದ್ದನ್ನ ನೀನೇ ನೋಡಿದ್ಯಾ?"

"ಬಾಗಿಲು ಅರ್ಧ ತೆಗೆದಿತ್ತು ಎಜೆ. ಕಾಲು ಕಾಣಿಸ್ತು. ಒಂದೇ ಕಾಲಲ್ಲಿ ಕಾಲುಚೀಲ ಇತ್ತು."

"ಹೆಸರು ತೆಗೆದುಬಿಡೋಣವಾ?"

"ತೆಗೆದ್ರೆ ಯಾರು ಮಲಗಿದ್ರು ಅಂತ ಜನ ಕೇಳಲ್ವಾ?"

ಕಂಡದ್ದನ್ನು ಬರೆ ಎಂದು ಹೇಳಿದ ಮೇಲೆ ಕಂಡದ್ದನ್ನು ಅಳಿಸು ಎನ್ನುವುದು ಹೇಗೆ? ಜುರಾಕಾನ್ ಕಾಗುಣಿತ ಮಾತ್ರ ತಿದ್ದಿಸಿ, ಉಳಿದ ಹದಿನೆಂಟರ ಜೊತೆಗೆ ಅದನ್ನೂ ಗೋಡೆಗೆ ಹಚ್ಚಿದಳು.

ಅಂದು ರೊಟ್ಟಿಗೆ ನಿಂತವರ ಸಾಲು ಚದುರಿ ಗೋಡೆಗೆ ಮುತ್ತಿತು. ತನ್ನ ಮಗ ಮನೆಯ ಬೆಕ್ಕಿನ ಬಗ್ಗೆ ಬರೆದದ್ದನ್ನು ಓದಿ ಒಬ್ಬಾಕೆ ತಲೆವಸ್ತ್ರದ ಅಂಚಿನಲ್ಲಿ ಬಾಯಿ ಮುಚ್ಚಿಕೊಂಡಳು. ಗಂಡಸರು ಟೋಪಿ ಹಿಂದಕ್ಕೆ ಸರಿಸಿ ಒಬ್ಬರ ಹೆಗಲ ಮೇಲಿಂದ ಒಬ್ಬರು ಇಣುಕಿದರು. ಕನ್ನಡಕ ಮನೆಯಲ್ಲೇ ಬಿಟ್ಟು ಬಂದಿದ್ದ ಅಸಾನ್‌ಕುಲ್ ಅಜ್ಜ ಅಲ್ಲೇ ನಿಂತಿದ್ದ ಸೆಜಿಮ್‌ಳನ್ನು ಊರುಗೋಲಿನಿಂದ ತಿವಿದ.

"ಏ ಹುಡುಗಿ, ಎಲ್ಲಾ ಯಾಕೆ ನಗ್ತಿದ್ದಾರೆ? ಓದು ನೋಡೋಣ."

ಸೆಜಿಮ್ ಓದಿದಳು. ಎಲ್ಲೂ ತಡವರಿಸಲಿಲ್ಲ. 'ಒಂದು ಹಸು' ಎಂಬಲ್ಲಿ ತುಸು ನಿಂತು, ಜನ ನಕ್ಕು ಮುಗಿಸಲಿ ಎಂದು ಕಾದು ಮುಂದುವರಿಸಿದಳು. ಸಾಲಿನ ಕೊನೆಯಲ್ಲಿ ನಿಂತಿದ್ದ ಜುರಾಕಾನ್ ಕತ್ತು ಚಾಚಿ ಕೇಳಿದಳು. ಈ ಹುಡುಗಿಗೆ ಓದಲು ಬರುವುದಿಲ್ಲ ಎಂದು ಆಕೆ ಮೂರು ವರ್ಷದಿಂದ ವರದಿ ಬರೆಯುತ್ತ ಬಂದಿದ್ದಳು.

ಶಂಶಿ ಮರುದಿನ ಬೆಳಗ್ಗೆ ಎರಡನೇ ಪೀರಿಯಡ್‌ಗೆ ಬಂದ. ಬಾಗಿಲು ತಟ್ಟಲಿಲ್ಲ. ಒಂದು ಕೈಯಲ್ಲಿ ಸ್ಪ್ಯಾನರು, ಇನ್ನೊಂದರಲ್ಲಿ ಗೋಡೆಯಿಂದ ಕಿತ್ತ ಪುಟ.

"ಇದೇನ್ ಎಜೆ? ಊರಿಗೆ ಊರೇ ನನ್ನ ನೋಡಿ 'ನಿದ್ದೆ ಆಯ್ತಾ ಶಂಶಿ, ನಿದ್ದೆ ಆಯ್ತಾ' ಅಂತಿದೆ!"

"ಬಾಗಿಲು ಹಾಕೋ ಮೊದ್ಲು. ಚಳಿಯೆಲ್ಲ ಒಳಗೆ ಬರ್ತಿದೆ."

ಶಂಶಿ ಹೋಗಿ ಬಾಗಿಲು ಹಾಕಿದ. ಜುರಾಕಾನ್ ಶಾಲೆಗೆ ಸೇರಿದ ಮೊದಲ ವರ್ಷ ಒಂದನೇ ತರಗತಿಯಲ್ಲಿ ಕೂತಿದ್ದವನು ಅವನು. ಆಕೆಯ ದನಿಗೆ ಅವನ ಕಾಲು ಈಗಲೂ ತಾನಾಗಿ ಮಾತು ಕೇಳುತ್ತಿತ್ತು.

"ಹೆಡ್‌ಮಾಸ್ಟರ್ ಹತ್ರ ಹೋಗ್ತೀನಿ. ಮಕ್ಕಳ ಕೈಲಿ ಇಂಥದ್ದೆಲ್ಲ ಬರೆಸ್ತಾರಾ?"

"ಹೋಗು. ಅದಕ್ಕೆ ಮುಂಚೆ ಹೇಳು, ಇದರಲ್ಲಿ ಯಾವುದು ಸುಳ್ಳು?"

ಶಂಶಿ ಪುಟ ನೋಡಿದ. ಮಕ್ಕಳನ್ನು ನೋಡಿದ. "ಸುಳ್ಳು ಅಂತಲ್ಲ. ಆದ್ರೆ ಪೂರ್ತಿ ಬರೆದಿಲ್ಲ. ಅವತ್ತು ಬೆಳಗಿನ ಜಾವ ನಾಲ್ಕಕ್ಕೆ ಎದ್ದು ಪೈಪಿನ ಗುಂಡಿಲಿ ಸೊಂಟದವರೆಗೆ ನೀರಲ್ಲಿ ನಿಂತಿದ್ದೆ. ಜ್ವರ ಬಂದು ಬಿದ್ದಿದ್ದೆ. ಆ ನಲ್ಲಿಗೆ ಬೇಕಾಗಿರೋದು ಇಷ್ಟಗಲದ ಒಂದು ವಾಷರು. ಜಿಲ್ಲಾ ಕಚೇರಿಗೆ ಮೂರು ಸಲ ಫೋನ್ ಮಾಡಿದೀನಿ. ಕಳಿಸ್ತೀವಿ ಅಂತಾರೆ, ಕಳಿಸಲ್ಲ. ನಾನೇನು ವಾಷರನ್ನ ಹಿಟ್ಟು ಕಲಸಿ ತಟ್ಟಲಾ?"

"ಹಾಗಾದ್ರೆ ಅದನ್ನೇ ಬರಿ. ಅವಳದ್ದರ ಪಕ್ಕಕ್ಕೇ ಹಚ್ತೀನಿ."

"ನಾನಾ?" ಅವನ ಸಿಟ್ಟೆಲ್ಲ ಒಮ್ಮೆಲೇ ಇಳಿಯಿತು. "ಎಜೆ, ಸೈನ್ ಬಿಟ್ರೆ ನಾನು ಪೆನ್ನು ಮುಟ್ಟಿ ಎಷ್ಟು ವರ್ಷ ಆಯ್ತೋ. ಬರೀಬೇಕು ಅಂತ ಯಾವತ್ತೂ ಅನ್ನಿಸಿಲ್ಲ."

ಅವನು ಸಹಜವಾಗಿ ಹೇಳಿದ ಮಾತು ಜುರಾಕಾನ್‌ಗೆ ಚುಚ್ಚಿತು. ಇವನ ಅಕ್ಷರ ಆಕೆಗೆ ಇನ್ನೂ ನೆನಪಿತ್ತು, ಎಷ್ಟು ದುಂಡಗೆ ಬರೆಯುತ್ತಿದ್ದ! ನಾಲ್ಕು ವರ್ಷ ಕೈ ಹಿಡಿದು ತಿದ್ದಿಸಿದ ಅಕ್ಷರ ಇವನ ಯಾವ ಕೆಲಸಕ್ಕೂ ಬಂದಿರಲಿಲ್ಲ. ಇನ್ನೊಬ್ಬನ ಮಾತನ್ನು ನೋಡಿ ಬರೆಯುವುದು ಕಲಿಸಿದ್ದೆ, ತನ್ನ ಮಾತು ಬರೆಯುವುದನ್ನು ಕಲಿಸಲೇ ಇಲ್ಲ ಎಂದುಕೊಂಡಳು. ಆದರೆ ಕೊರಗುತ್ತ ಕೂರುವ ಜಾಯಮಾನ ಆಕೆಯದಲ್ಲ. ತಡವಾದರೆ ಏನಾಯಿತು, ವಿದ್ಯಾರ್ಥಿ ಕಣ್ಣೆದುರಿಗೇ ಇದ್ದ.

"ಕೂತ್ಕೋ ಶಂಶಿ."

ಅವನು ಹಿಂದಿನ ಬೆಂಚಿನಲ್ಲಿ ಕಾಲು ಮಡಿಸಿಕೊಂಡು ಕೂತ. ಮೊಣಕಾಲು ಗಲ್ಲಕ್ಕೆ ಬಂತು. ಕಾಲು ಗಂಟೆಯಾದರೂ ಕಾಗದದ ಮೇಲೆ ಅವನ ಹೆಸರು ಬಿಟ್ಟರೆ ಏನೂ ಬೀಳಲಿಲ್ಲ. ಆಗ ಸೆಜಿಮ್ ಕೇಳದೆಯೇ ಎದ್ದು ಹೋಗಿ ಅವನ ಪಕ್ಕ ಕೂತಳು.

"ನೀರು ಎಷ್ಟು ತಣ್ಣಗಿತ್ತು ಬಾಯ್ಕೆ?"

"ಹೇಳ್ಬೇಡ. ಕಾಲು ಇದೆಯೋ ಇಲ್ವೋ ಅಂತ ಬಗ್ಗಿ ಮುಟ್ಟಿ ನೋಡ್ಕೊಂಡೆ."

"ಅದನ್ನೇ ಬರೀರಿ."

"ಇದನ್ನ ಬರೀತಾರಾ ಯಾರಾದ್ರೂ?"

"ನೀವು ಬರೀತಿದ್ದೀರಲ್ಲ."

ಅವನು ಬರೆದ. 'ಮೊಣಕಾಲು' ಹೇಗೆ ಬರೆಯುವುದು ಎಂದು ಕೇಳಿದ್ದಕ್ಕೆ ನಾಲ್ಕು ಬೆಂಚಿನವರು ಒಟ್ಟಿಗೆ ಕೂಗಿದರು. ಜುರಾಕಾನ್ ಅಂದಿನ ಗಣಿತವನ್ನು ಬಿಟ್ಟುಕೊಟ್ಟಳು. ಗಂಟೆ ಹೊಡೆಯುವ ಹೊತ್ತಿಗೆ ಮುಕ್ಕಾಲು ಪುಟ ತುಂಬಿತ್ತು. ಅದರ ಮೊದಲ ಸಾಲು ಹೀಗಿತ್ತು: "ಸೆಜಿಮ್ ಬರೆದದ್ದು ನಿಜ, ನಾನು ಮಲಗಿದ್ದೆ, ಆದರೆ ಯಾಕೆ ಮಲಗಿದ್ದೆ ಅಂತ ಕೇಳಿ."

ಆ ಮಧ್ಯಾಹ್ನ ವ್ಯಾನ್ ಬಂದು ನಿಂತರೂ ಜನ ತಿರುಗಿ ನೋಡಲಿಲ್ಲ. ಇದೇನು ರೊಟ್ಟಿ ಬೇಡವಾಯಿತೇ ಎಂದು ಡ್ರೈವರ್ ಇಳಿದು ಬಂದು ತಾನೂ ಓದಿದ. ಕಾಲು ಮುಟ್ಟಿ ನೋಡಿಕೊಂಡ ಸಾಲಿಗೆ ಹೊಟ್ಟೆ ಹಿಡಿದುಕೊಂಡು ನಕ್ಕ. ಆಮೇಲೆ, "ಇಷ್ಟಗಲದ ವಾಷರ್ ತಾನೆ? ನನ್ನ ಭಾವನ ಗ್ಯಾರೇಜಲ್ಲಿ ಡಬ್ಬಿಗಟ್ಟಲೆ ಬಿದ್ದಿದೆ. ನಾಳೆ ತರ್ತೀನಿ," ಎಂದ.

ತಂದ. ಶಂಶಿ ಅದನ್ನು ಹಾಕಲು ಕೂತಾಗ ಮೂರನೇ ತರಗತಿ ಪೂರ್ತಿ ಸುತ್ತ ನಿಂತಿತ್ತು. ಸೋರುವುದು ನಿಂತ ಮೇಲೂ ಅವರು ಕದಲಲಿಲ್ಲ. ಒಂದು ಪುಟ ಕಾಗದವು ನಲ್ಲಿ ಸೋರುವುದನ್ನು ನಿಲ್ಲಿಸಿದ್ದನ್ನು ಅವರು ಈವರೆಗೆ ಕಂಡಿರಲಿಲ್ಲ. ಜುರಾಕಾನಳೂ ಕಂಡಿರಲಿಲ್ಲ.

ಮುಂದಿನ ವಾರ ಯಾರಿಗೂ ಬರೆಯಿರಿ ಎಂದು ಹೇಳಬೇಕಾಗಲಿಲ್ಲ. ಎಷ್ಟು ಸಾಲು ಬರೆಯಬೇಕು ಎಂದು ಕೇಳುತ್ತಿದ್ದವರು ಈಗ ಎಷ್ಟು ಸಾಲಿಗೆ ಜಾಗವಿದೆ ಎಂದು ಕೇಳಿದರು. ಅನಾರ್ಕಾನ್ ಮೊದಮೊದಲು ಗೋಡೆಯೆಲ್ಲ ಅಂಟು ಎಂದು ಗೊಣಗಿದಳು. ತನ್ನ ಅಂಗಡಿಯ ಹಳಸಿದ ಬಿಸ್ಕತ್ತಿನ ಬಗ್ಗೆ ಒಬ್ಬ ಬರೆದಾಗ ಎರಡು ದಿನ ಮಾತು ಬಿಟ್ಟಳು. ಮೂರನೇ ದಿನ ಹೊಸ ಬಿಸ್ಕತ್ತು ತರಿಸಿ, "ಇದನ್ನೂ ಬರೀರಿ ಮತ್ತೆ," ಎಂದಳು.

ಏಪ್ರಿಲ್‌ನಲ್ಲಿ ಇನ್ನೊಂದು ಸಂಗತಿ ನಡೆಯಿತು. ತಾವೇ ಬರೆಯತೊಡಗಿದ ಮೇಲೆ, ಬೇರೆಯವರು ಹೇಗೆ ಬರೆಯುತ್ತಾರೋ ನೋಡಬೇಕೆಂಬ ಕುತೂಹಲ ಮಕ್ಕಳಿಗೆ ಹತ್ತಿತು. ಶಾಲೆಯ ಗ್ರಂಥಾಲಯ ಎಂದರೆ ಹೆಡ್‌ಮಾಸ್ಟರ್ ಕೋಣೆಯ ಒಂದು ಗಾಜಿನ ಬೀರು. ಪುಸ್ತಕ ಹಾಳಾಗಬಾರದೆಂದು ಅವರು ಅದನ್ನು ತೆರೆದೇ ಇರಲಿಲ್ಲ. ಜುರಾಕಾನ್ ಹೋಗಿ ಕೈ ಚಾಚಿದಳು.

"ಬೀಗದ ಕೈ ಕೊಡಿ."

"ಹರಿದುಹಾಕ್ತಾರೆ ಎಜೆ."

"ಹರಿಯೋ ಹಾಗೆ ಓದ್ಲಿ. ಅಂಟಿಸೋ ಕೆಲಸ ನಂದು."

ಅವರು ಕೊಟ್ಟರು. ಆಕೆ ಮರಳಿ ಕೊಡಲಿಲ್ಲ, ಅವರೂ ಕೇಳಲಿಲ್ಲ.

ಬೀರುವಿನಿಂದ ಸೆಜಿಮ್ ಆರಿಸಿದ್ದು ಎಲ್ಲಕ್ಕಿಂತ ದಪ್ಪನೆಯದು. ಪುಂಡ ಕುದುರೆಯೊಂದನ್ನು ಪಳಗಿಸುವ ಹುಡುಗಿಯ ಕತೆ ಅದು. ಶಾಲೆ ಮುಗಿದು ಮನೆಯವರ ಜೊತೆ ಬೇಸಿಗೆಯ ಹುಲ್ಲುಗಾವಲಿಗೆ ಹೊರಟಾಗ ಅದನ್ನು ಜಾಕೆಟ್ಟಿನೊಳಗೆ ಸಿಕ್ಕಿಸಿಕೊಂಡು ಹೋದಳು. ಜುಲೈ ಕೊನೆಗೆ ಕುಮಿಸ್, ಅಂದರೆ ಹುಳಿ ಬರಿಸಿದ ಕುದುರೆ ಹಾಲು, ಕುಡಿಯಲೆಂದು ಜುರಾಕಾನ್ ಬೆಟ್ಟ ಹತ್ತಿ ಅವರ ಗುಡಾರಕ್ಕೆ ಹೋದಳು. ಆಕೆ ಇನ್ನೂ ಕುದುರೆಯಿಂದ ಇಳಿದಿರಲಿಲ್ಲ, ಹುಡುಗಿ ಪುಸ್ತಕ ಬಿಡಿಸಿ ಹಿಡಿದುಕೊಂಡೇ ಓಡಿ ಬಂದಳು.

"ಎಜೆ, ಇದನ್ನ ಬರೆದೋರಿಗೆ ಕುದುರೆ ಬಗ್ಗೆ ಏನೂ ಗೊತ್ತಿಲ್ಲ! ಬೆಚ್ಚಿದ ಕುದುರೇನ ಹಿಂದಿಂದ ಹೋಗಿ ಹಿಡಿದ್ಲಂತೆ. ಹಿಡಿದಿದ್ರೆ ಅವಳ ಹಲ್ಲು ಉಳೀತಿತ್ತಾ?"

"ಉಳೀತಿರಲಿಲ್ಲ. ಉಳಿದಿದ್ದು ಹೇಗಿದೆ?"

"ಉಳಿದಿದ್ದು ಚೆನ್ನಾಗಿದೆ. ಎರಡು ಸಲ ಓದಿದೆ. ಅದಕ್ಕೇ ಸಿಟ್ಟು ಬಂದಿದ್ದು. ಇವರಿಗೆ ಹೇಳ್ಬೇಕಲ್ಲ, ಎಲ್ಲಿಗೆ ಬರೀಬೇಕು?"

ಜುರಾಕಾನ್ ಇಳಿದು ಲಗಾಮನ್ನು ಅವಳ ಅಪ್ಪನ ಕೈಗೆ ಕೊಟ್ಟಳು. ಪುಸ್ತಕ ತೆಗೆದುಕೊಂಡು ಕೊನೆಯ ಪುಟ ತಿರುಗಿಸಿ, ಸಣ್ಣ ಅಕ್ಷರದಲ್ಲಿದ್ದ ಪ್ರಕಾಶಕರ ವಿಳಾಸದ ಮೇಲೆ ಬೆರಳಿಟ್ಟಳು. ನಂತರ ಹುಲ್ಲಿನ ಮೇಲೆ ಕೂತು, "ಕಾಗದ ತಗೊಂಡು ಬಾ. ಮೊದಲು ಚೆನ್ನಾಗಿದೆ ಅನ್ನೋದನ್ನ ಬರಿ, ಆಮೇಲೆ ಕುದುರೆ," ಎಂದಳು.

"ಇಲ್ಲ ಎಜೆ, ಮೊದಲು ಕುದುರೆ," ಎಂದು ಸೆಜಿಮ್ ಗುಡಾರದೊಳಕ್ಕೆ ಓಡಿದಳು.