ಯಾಕಮ್ಮನ ಮೊಳೆ

ಶಿಶುವಿಹಾರದಲ್ಲಿ ತಾತನಿಗೆ ಜಾಗ ಕೊಡಿಸಿದ್ದು ಅವನ ಸೊಸೆ. ಅವಳು ಅಲ್ಲಿ ಟೀಚರು. ಅವಳ ಕ್ಲಾಸಿನ ಒಂದು ಮೂಲೆಯಲ್ಲಿ ನೀರು ಸುರಿದು ಆಡುವ ಮೇಜು, ಇನ್ನೊಂದರಲ್ಲಿ ಗುಂಡಿ ಹಾಕಿ ಬಿಚ್ಚಿ ಕಲಿಯುವ ಬಟ್ಟೆ, ಕಿಟಕಿಯ ಕೆಳಗೆ ಕಾಳು ಆರಿಸುವ ತಟ್ಟೆಗಳು. ಬಾಗಿಲ ಪಕ್ಕದ ಮೂಲೆ ಮಾತ್ರ ಖಾಲಿ. ಅಲ್ಲಿ ಮಕ್ಕಳ ಕೈಗೆ ನಿಜವಾದ ಸುತ್ತಿಗೆ ಕೊಡಬೇಕೆಂದು ಅವಳಿಗೆ ಬಹಳ ದಿನದ ಆಸೆ. ಶಾಲೆ ನಡೆಸುವ ದೊಡ್ಡ ಮಿಸ್ಸು, "ಬೆರಳು ಜಜ್ಜಿಕೊಂಡ್ರೆ ಯಾರ್ರೀ ಹೊಣೆ?" ಎಂದು ಕೇಳಿದಾಗ, "ನಮ್ಮಾವ ಹೊಣೆ" ಎಂದುಬಿಟ್ಟಳು. ಮಾವನನ್ನು ಒಂದು ಮಾತೂ ಕೇಳಿರಲಿಲ್ಲ.

ಕೇಳಿದ್ದರೂ ಅವನು ಬೇಡ ಅನ್ನುತ್ತಿರಲಿಲ್ಲ ಬಿಡಿ. ಹೇಳಿ ಕೇಳಿ ಮರಗೆಲಸದವನು. ಅವನು ಕೂರಿಸಿದ ಡ್ರಾಯರು ಬೆಣ್ಣೆಯಿಂದ ಕೂದಲು ಎಳೆದ ಹಾಗೆ ಸದ್ದಿಲ್ಲದೆ ಈಚೆ ಬರುತ್ತಿತ್ತು. ಕಣ್ಣಿನ ಆಪರೇಷನ್ ಆದ ಮೇಲೆ ಮಗ ಕಾರ್ಖಾನೆ ವಹಿಸಿಕೊಂಡು ಅಪ್ಪನನ್ನು ಮನೆಯಲ್ಲಿ ಕೂರಿಸಿದ. ಕೂತವನು ಸುಮ್ಮನಿದ್ದನೇ? ಮನೆಯ ಬಾಗಿಲುಗಳನ್ನೆಲ್ಲ ಕಳಚಿ ಮತ್ತೆ ಕೂರಿಸಿದ. ಬಚ್ಚಲ ಬಾಗಿಲಿಗೆ ಕೈಹಾಕಿದ ದಿನ ಹೆಂಡತಿ ಒಳಗಿದ್ದಳು. ಅವತ್ತಿನ ಬೈಗುಳ ಬೀದಿಗೆಲ್ಲ ಕೇಳಿಸಿತು.

"ಮಾವ, ಒಂದೇ ಮಾತು," ಎಂದಳು ಸೊಸೆ, ಮೊದಲ ದಿನವೇ. "ಒಂದ್ಸಲ ತೋರ್ಸಿ, ಆಮೇಲೆ ಕೈ ಕಟ್ಕೊಂಡ್ ಕೂತ್ಕೊಳ್ಳಿ. ಅವ್ರ ಕೆಲ್ಸ ಅವ್ರೇ ಮಾಡ್ಬೇಕು."

"ನಂಗೇ ಪಾಠನಾ ತಾಯಿ? ನನ್ ಹತ್ರ ಎಷ್ಟ್ ಜನ ಕೆಲ್ಸ ಕಲ್ತಿಲ್ಲ?"

"ಅವ್ರೆಲ್ಲ ನಿಮ್ಮ ಬೈಗಳ ತಿಂದು ಕಲ್ತೋರು. ಇವ್ರಿಗೆ ಬೈದ್ರೆ ತಿರುಗಿಸಿ ಬೈತಾರೆ, ನೋಡ್ಕೊಳ್ಳಿ."

ತಾತ ಮಕ್ಕಳ ಎತ್ತರಕ್ಕೆ ತಕ್ಕ ಬೆಂಚು ಮಾಡಿದ, ಪುಟ್ಟ ಹಿಡಿಯ ಸುತ್ತಿಗೆ ತಂದ. ಬೆರಳಿನ ಬದಲು ಬಟ್ಟೆ ಒಣಹಾಕುವ ಕ್ಲಿಪ್ಪಿನಿಂದ ಮೊಳೆ ಹಿಡಿಯುವುದನ್ನು ತೋರಿಸಿಕೊಟ್ಟ. ಮಕ್ಕಳು ಮುಗಿಬಿದ್ದವು. ಅದರಲ್ಲಿ ನಾಲ್ಕು ಸೇರಿ ಒಂದು ಸ್ಟೂಲು ಮಾಡುವುದೆಂದು ಹೊರಟವು, ತಲೆಗೊಂದು ಕಾಲು. ಮಾತು ಮಾತಿಗೂ ಯಾಕೆ ಯಾಕೆ ಎಂದು ಪ್ರಾಣ ತಿನ್ನುವ ಹುಡುಗಿಯೊಬ್ಬಳು ಅವರ ಮೇಸ್ತ್ರಿ. ತಾತ ಅವಳಿಗೆ ಯಾಕಮ್ಮ ಎಂದೇ ಹೆಸರಿಟ್ಟಿದ್ದ.

ಅಯ್ಯೋ, ಆ ಸ್ಟೂಲಿನ ಚಂದ ಏನು ಹೇಳುವುದು! ನಾಲ್ವರಲ್ಲಿ ಗುಂಡ ಎಂಬ ಹುಡುಗ ಜಡಿದ ಕಾಲು ಉದ್ದ, ಅವಳಿ ಹುಡುಗರು ಜಡಿದ ಕಾಲುಗಳು ಸೊಟ್ಟ. ಯಾಕಮ್ಮ ಹೊಡೆದ ಮೊಳೆ ಅರ್ಧಕ್ಕೇ ಬಾಗಿತು. ಬಾಗಿದ್ದನ್ನು ಅವಳು ಬಿಡದೆ ಬಡಿದು ಬಡಿದು ಹಲಗೆಗೆ ಅಂಟಿಸಿಬಿಟ್ಟಳು.

"ನೋಡ್ ತಾತ, ಹುಳ! ಮಲ್ಕೊಂಡಿದೆ."

ಮಿಕ್ಕ ಮಕ್ಕಳು ಸಾಲಾಗಿ ನಿಂತು ಹುಳವನ್ನು ಸವರಿ ಹೋದವು. ತಾತ ಹಲ್ಲು ಕಚ್ಚಿಕೊಂಡು ಕೂತ. ಅವನ ಕಣ್ಣಿಗೆ ಅದು ಹುಳವಲ್ಲ, ಮಾನ ಕಳೆಯುವ ಕೆಲಸ. ನಾಳೆ ಯಾರಾದರೂ ಬಂದು, ಅಷ್ಟು ದೊಡ್ಡ ಕೆಲಸಗಾರ ಪಕ್ಕದಲ್ಲೇ ಕೂತು ಹೀಗೆ ಮಾಡಿಸಿದನಾ ಅಂದರೆ? ಶುಕ್ರವಾರ ಮಕ್ಕಳು ಮನೆಗೆ ಹೋದ ಮೇಲೆ ಬಾಗಿಲು ಮುಂದೆ ಮಾಡಿಕೊಂಡ. ಇಕ್ಕಳದಿಂದ ಹುಳವನ್ನು ಕಿತ್ತ, ಹೊಸ ಮೊಳೆ ಹೊಡೆದ, ಕಾಲುಗಳನ್ನು ಸಮಕ್ಕೆ ಕೊಯ್ದ, ಉಜ್ಜಿ ನುಣುಪು ಮಾಡಿದ. ಆಮೇಲೆ ಮನೆಗೆ ಹೋಗಿ ಹೊಟ್ಟೆ ತುಂಬ ಉಂಡು ಮಲಗಿದ.

ಸೋಮವಾರ ಮಕ್ಕಳು ಸ್ಟೂಲಿನ ಸುತ್ತ ಒಂದು ಸುತ್ತು ಬಂದವು.

"ಇದ್ ಯಾರ್ದು?" ಎಂದ ಗುಂಡ.

"ನಿಮ್ದೇ ಕಣೋ."

"ನಮ್ದಲ್ಲ. ನಮ್ದು ಅಲ್ಲಾಡ್ತಿತ್ತು."

ಯಾಕಮ್ಮ ನೆಲದ ಮೇಲೆ ಅಂಗಾತ ಮಲಗಿ ಸ್ಟೂಲಿನ ಅಡಿಯನ್ನೂ ಹುಡುಕಿದಳು. "ನನ್ ಹುಳ ಎಲ್ಲಿ?"

ತಾತ ಇಕ್ಕಳವನ್ನು ಬೆಂಚಿನಡಿಗೆ ತಳ್ಳಿದ. ಅವಳು ಯಾಕೆ ಎಂದು ಕೇಳಲಿಲ್ಲ. ಅದೇ ಅವನಿಗೆ ಚುಚ್ಚಿದ್ದು. ಎದ್ದು, ಬಟ್ಟೆ ಕೊಡವಿಕೊಂಡು ಕಾಳಿನ ತಟ್ಟೆಯ ಕಡೆ ನಡೆದಳು. ಮಿಕ್ಕ ಮೂವರೂ ಅವಳ ಹಿಂದೆಯೇ ಹೋದರು. ಅವತ್ತು ಬೆಂಚಿನ ಹತ್ತಿರ ಒಂದು ನರಪಿಳ್ಳೆಯೂ ಬರಲಿಲ್ಲ. ಮಾರನೆಯ ದಿನವೂ ಇಲ್ಲ.

ಸೊಸೆ ದನಿ ಏರಿಸಲಿಲ್ಲ. ಏರಿಸಿದ್ದರೆ ಅವನಿಗೆ ಜಗಳಕ್ಕಾದರೂ ದಾರಿಯಿರುತ್ತಿತ್ತು. "ಮಾವ, ನಿಮ್ಮಷ್ಟ್ ಚೆನ್ನಾಗ್ ಮಾಡೋಕೆ ಅವ್ರಿಗೆ ಇನ್ನೊಂದ್ ಜನ್ಮ ಬೇಕು. ಅದಕ್ಕೇ ಬಿಟ್ಟುಬಿಟ್ರು."

"ಚೆನ್ನಾಗ್ ಮಾಡಿದ್ದೂ ತಪ್ಪಾ?"

"ನಮ್ಮಪ್ಪ ಬಂದು ನೀವ್ ಮಾಡಿದ ಬೀರು ಕಿತ್ತು ಬೇರೆ ಮಾಡಿಟ್ಟಿದ್ರೆ?"

"ಕೈ ಮುರೀತಿದ್ದೆ!" ಎಂದವನು ತನ್ನ ಕೈಯನ್ನೇ ನೋಡಿಕೊಂಡ.

ದೊಡ್ಡ ಮಿಸ್ಸು ಬಾಗಿಲಲ್ಲಿ ನಿಂತು ಖಾಲಿ ಬೆಂಚು ನೋಡಿದರು. "ಮಕ್ಕಳೇ ಬರ್ದಿರೋ ಮೂಲೇಲಿ ಸುತ್ತಿಗೆ ಯಾಕ್ರೀ? ಈ ವಾರ ನೋಡಿ, ಆಮೇಲೆ ಜೇಡಿಮಣ್ಣಿನ ಮೇಜು ಹಾಕ್ಬಿಡಿ."

ಮೂಲೆ ಹೋದರೆ ತಾತ ಮತ್ತೆ ಮನೆಗೆ, ಬಚ್ಚಲ ಬಾಗಿಲಿಗೆ. ಅದಿರಲಿ, ಆ ಹುಡುಗಿ ಸುತ್ತಿಗೆಯ ಕಡೆ ಕತ್ತು ಕೂಡ ತಿರುಗಿಸದಿರುವುದು ಅವನ ಎದೆಯ ಮೇಲೆ ಕಲ್ಲು ಹೇರಿದಂತಿತ್ತು. ಕೆಡಿಸಿದವನೇ ಸರಿ ಮಾಡಬೇಕಲ್ಲ. ಬುಧವಾರ ಬೆಳಿಗ್ಗೆ ಮಕ್ಕಳ ಎದುರಿಗೇ ಆ ಕುಳ್ಳ ಬೆಂಚಿನ ಮುಂದೆ ಮಂಡಿಯೂರಿ ಕೂತು, ಸ್ಟೂಲಿಗೆ ತಾನು ಹೊಡೆದ ಮೊಳೆಯನ್ನು ಕಿತ್ತು, ಹುಳ ಮಾಡಲು ಹೊರಟ.

ಮೊದಲನೆಯ ಮೊಳೆ ಸರ್ರನೆ ಒಳಗೆ ಹೋಯಿತು. ಕಿತ್ತ. ಎರಡನೆಯದಕ್ಕೆ ಬೇಕೆಂದೇ ಓರೆಯಾಗಿ ಹೊಡೆದ. ಅದು ಓರೆಯಾಗಿಯೇ, ಆದರೆ ಚೂರೂ ಬಾಗದೆ ಒಳಗೆ ಹೋಯಿತು. ಎಡಗೈಯಲ್ಲಿ ಹೊಡೆದರೂ ಅಷ್ಟೇ. ವಯಸ್ಸೆಲ್ಲ ಪಳಗಿಸಿದ ಕೈ, ಕೆಟ್ಟ ಕೆಲಸ ಮಾಡು ಅಂದರೆ ಹಟ ಹಿಡಿದ ಎತ್ತಿನಂತೆ ನಿಂತುಬಿಟ್ಟಿತು. ಕೊನೆಗೆ ಇಕ್ಕಳದಲ್ಲಿ ಮೊಳೆ ಬಗ್ಗಿಸಿ ಬಡಿದ.

ಬೆನ್ನ ಹಿಂದೆ ಕಿಸಕ್ಕನೆ ನಗು. ಗುಂಡ.

"ತಾತಂಗೆ ಬರಲ್ಲ! ಹುಳ ಮಾಡೋಕೆ ಬರಲ್ಲ!"

ಅವಳಿಗಳು ಓಡಿ ಬಂದವು. ನೀರಿನ ಮೇಜಿನವರು ಒದ್ದೆ ಕೈಯಲ್ಲೇ ಬಂದರು. ಎಲ್ಲರ ಕಾಲಡಿ ನುಸುಳಿಕೊಂಡು ಯಾಕಮ್ಮ ಮುಂದೆ ಬಂದು, ತಾತನ ಹುಳದ ಮೇಲೆ ಬೆರಳಿಟ್ಟಳು.

"ಇದು ಹುಳ ಅಲ್ಲ. ಇದು ಕೊಕ್ಕೆ."

"ಹೌದಮ್ಮ. ನನ್ ಕೈಲಿ ಆಗ್ತಿಲ್ಲ. ನಿನ್ ಹುಳ ಕಿತ್ತೋನು ನಾನೇ. ತಪ್ಪಾಯ್ತು."

"ಯಾಕ್ ಕಿತ್ತೆ?"

ಆ ಒಂದು 'ಯಾಕೆ' ಕೇಳಿ ತಾತನಿಗೆ ಹೋದ ಜೀವ ಬಂದಂತಾಯಿತು. "ಬುದ್ಧಿ ಇರ್ಲಿಲ್ಲ ಕಣಮ್ಮ."

ಅವಳು ಅದನ್ನು ಒಪ್ಪಿಕೊಂಡಳು. ಸುತ್ತಿಗೆಯನ್ನು ಅವನ ಕೈಯಿಂದ ಕಸಿದು, "ಆ ಕಡೆ ಸರ್ಕೋ. ನಾನ್ ತೋರಿಸ್ತೀನಿ" ಎಂದಳು.

ತಾತ ತನ್ನ ಕೊಕ್ಕೆ ಕಿತ್ತ ಮೇಲೆ ಅವಳು ಹೊಸ ಮೊಳೆಯನ್ನು ಕ್ಲಿಪ್ಪಿಗೆ ಸಿಕ್ಕಿಸಿದಳು. ನಾಲಿಗೆ ತುದಿ ಈಚೆ ಬಂತು. ಮೊದಲು ಮೆಲ್ಲಗೆ ಟಕ್ ಟಕ್, ಮೊಳೆ ನಿಂತ ಮೇಲೆ ಕ್ಲಿಪ್ಪು ತೆಗೆದು ಜೋರಾಗಿ. ಭುಜದಿಂದಲ್ಲ, ಮೊಣಕೈಯಿಂದ. ಕಣ್ಣು ಸುತ್ತಿಗೆಯ ಮೇಲಲ್ಲ, ಮೊಳೆಯ ತಲೆಯ ಮೇಲೆ. ತಾತ ಮುಂದಕ್ಕೆ ಬಾಗಿದ. ಅವನ ಹತ್ತಿರ ಕೆಲಸ ಕಲಿತ ಗಂಡಾಳುಗಳಿಗೆ ಇದು ಬರಲು ತಿಂಗಳುಗಟ್ಟಲೆ ಹಿಡಿಯುತ್ತಿತ್ತು. ಮೊಳೆ ಬಾಗಲಿಲ್ಲ. ತಲೆಯವರೆಗೂ ನೆಟ್ಟಗೆ ಇಳಿದು ಹಲಗೆಗೆ ಸಮವಾಗಿ ಕೂತಿತು.

ಯಾಕಮ್ಮನ ಮುಖ ಇನ್ನೇನು ಅಳುವಂತಾಯಿತು. "ಹುಳ ಬರ್ಲಿಲ್ಲ."

ಅದೆಂಥ ಏಟು ಹೊಡೆದಿದ್ದಾಳೆಂದು ಕೂಗಿ ಹೇಳಬೇಕೆಂದು ತಾತನ ನಾಲಿಗೆ ತುದಿಗೆ ಬಂದಿತ್ತು. ಈ ಸಲ ನುಂಗಿಕೊಂಡ. ಹುಡುಗಿ ಬಗ್ಗಿ ಹಲಗೆಗೆ ಕಿವಿ ಇಟ್ಟಳು. ಆಮೇಲೆ ಎದ್ದು ಸಾರಿದಳು:

"ಹುಳ ಒಳಗಡೆ ಹೋಗಿದೆ. ನಿದ್ದೆ ಮಾಡ್ತಿದೆ. ಯಾರೂ ಎಬ್ಬಿಸ್ಬೇಡಿ."

ಅಷ್ಟೇ ಸಾಕಾಯಿತು. ಎಲ್ಲರಿಗೂ ಒಂದೊಂದು ಹುಳ ಮಲಗಿಸಬೇಕು! ಸುತ್ತಿಗೆಗೆ ನೂಕುನುಗ್ಗಲು. ಗುಂಡ ತನ್ನ ಕಾಲಿಗೆ ಅಡಿಯಿಂದ ಮರದ ಚೂರೊಂದನ್ನು ಜಡಿದ. "ನನ್ ಕಾಲು ಉದ್ದ ಇತ್ತು. ತಾತ ಕುಯ್ದಿದ್ದ." ಸ್ಟೂಲು ಮತ್ತೆ ಅಲ್ಲಾಡತೊಡಗಿದಾಗ ನಾಲ್ವರೂ ಚಪ್ಪಾಳೆ ತಟ್ಟಿದರು.

ಸದ್ದಿಗೆ ದೊಡ್ಡ ಮಿಸ್ಸು ಬಂದರು, ಬೆಂಚಿನ ಸುತ್ತ ಜಾತ್ರೆಯಂತೆ ನೆರೆದ ಮಕ್ಕಳನ್ನು ಕಂಡರು. ಸೊಸೆಯ ಕಡೆ ತಿರುಗಿ, "ಜೇಡಿಮಣ್ಣು ಜಗಲೀಲಿ ಇಡೋಣ ಬಿಡ್ರೀ" ಎಂದು ಹೊರಟುಹೋದರು. ಸೊಸೆ ಮಾವನತ್ತ ನೋಡಿ, ತಲೆಯ ಸೆರಗು ಸರಿಮಾಡಿಕೊಳ್ಳುವ ನೆಪದಲ್ಲಿ ನಗು ಮುಚ್ಚಿಕೊಂಡಳು.

ಸಂಜೆ ಅಪ್ಪನನ್ನು ಕರೆದುಕೊಂಡು ಹೋಗಲು ಮಗ ಬಂದ. ಬಂದವನು ಆ ಸ್ಟೂಲಿನ ಮೇಲೆ ಕೂತ. ಅದು ಲಟಕ್ ಎಂದು ಒಂದು ಕಡೆ ವಾಲಿತು.

"ಅಪ್ಪ, ಏನಿದು ಗೋಳು! ಗರಗಸ ಕೊಡಿ, ಎರಡ್ ನಿಮಿಷದಲ್ಲಿ ಸರಿಮಾಡ್ತೀನಿ."

"ಮುಟ್ಟಿದ್ರೆ ನೋಡು!" ತಾತ ಮಗನ ಕೈಗೆ ಫಟ್ಟನೆ ಒಂದು ಕೊಟ್ಟ.

"ನಿಮ್ ಕೆಲ್ಸ ಅಂತೂ ಅಲ್ಲ ತಾನೆ ಇದು?"

"ನಂದೆಲ್ಲಿ ಬಂತೋ! ಇದ್ರಲ್ಲಿ ನಂದು ಒಂದ್ ಏಟೂ ಇಲ್ಲ." ಎದೆ ಸೆಟೆಸಿ ನಿಂತು, ತಾತ ಹಲಗೆಯ ಮೇಲಿನ ಮೊಳೆಯ ತಲೆಯನ್ನು ಹೆಬ್ಬೆರಳಲ್ಲಿ ಸವರಿದ. "ಇಲ್ ನೋಡು ಈ ಏಟು. ಐದ್ ವರ್ಷದ ಹುಡ್ಗಿ ಹೊಡ್ದಿದ್ದು. ನೀನ್ ಐದ್ ವರ್ಷಕ್ಕೆ ಏನ್ ಮಾಡ್ತಿದ್ದೆ ಹೇಳು? ಮೂಗು ಒರೆಸ್ಕೊಳ್ಳೋಕೂ ನನ್ನೇ ಕರೀತಿದ್ದೆ."