ಲ್ಯಾಂಡ್‌ಮಾಸ್ಟರಿನ ಮಡ್ಡಿ

ಜವರಯ್ಯ ತೀರಿಕೊಂಡ ಮೇಲೂ ಅವನ ಲ್ಯಾಂಡ್‌ಮಾಸ್ಟರ್ ಕಾರು ಮೂಲೆ ಸೇರಲಿಲ್ಲ. ಹೆಂಡತಿ ಚಿಕ್ಕಬೋರಮ್ಮ ಓಡಿಸುತ್ತಿದ್ದಳು. ಗಂಡ ಬದುಕಿದ್ದಾಗಲೇ ನಾಲೆ ಏರಿಯ ಮೇಲೆ ಹಟ ಹಿಡಿದು ಕಲಿತಿದ್ದಳು. ಹೆರಿಗೆ ನೋವು ಬಂದವರನ್ನು ಮಂಡ್ಯದ ಆಸ್ಪತ್ರೆಗೆ, ಮದುವೆ ಜವಳಿಗೆ ಹೊರಟವರನ್ನು ಮದ್ದೂರಿಗೆ ಕರೆದೊಯ್ಯುವಳು. ಸೆರಗು ಸೊಂಟಕ್ಕೆ ಸಿಕ್ಕಿಸಿ ಸ್ಟೀರಿಂಗ್ ಹಿಡಿದವಳನ್ನು ಕಂಡು ಮೊದಲು ನಕ್ಕ ಕೊತ್ತತ್ತಿ ಊರವರೇ ಆಮೇಲೆ ಅವಳ ಬಾಗಿಲು ತಟ್ಟುತ್ತಿದ್ದರು. ಕೊನೆಗೂ ಒಪ್ಪದೆ ಉಳಿದವನು ಮೈದುನ ಮುದ್ದಯ್ಯ.

ಎಪ್ಪತ್ತೈದನೇ ಇಸವಿ, ಕಬ್ಬು ಅರೆಯುವ ಕಾಲ. ಒಂದು ಬೆಳಗ್ಗೆ ದಾರಿಯಲ್ಲೇ ಎಂಜಿನ್ ಕಟಕಟ ಅನ್ನತೊಡಗಿತು. ನೋಡಿದರೆ ಎಣ್ಣೆಯ ಒತ್ತಡ ತೋರಿಸುವ ಮುಳ್ಳು ಸೊನ್ನೆಗೆ ಬಿದ್ದಿದೆ. ಚಿಕ್ಕಬೋರಮ್ಮ ಅಲ್ಲೇ ಎಂಜಿನ್ ಆರಿಸಿ, ಎತ್ತು ಕಟ್ಟಿಸಿ ಗಾಡಿಯನ್ನು ಮನೆಗೆ ಎಳೆಸಿಕೊಂಡು ಬಂದಳು.

ಮುದ್ದಯ್ಯ ಅಂಗಳದಲ್ಲೇ ಕಾಯುತ್ತಿದ್ದ. "ಅತ್ಗೆ, ಈ ಗಾಡಿ ಕತೆ ಮುಗೀತು. ಎಂಜಿನ್ನು ಬಿಚ್ಚಿ ನನ್ನ ಆಲೆಮನೆ ಗಾಣಕ್ಕೆ ಕೂರುಸ್ತೀನಿ. ಕಬ್ಬಾದ್ರೂ ಅರೀಲಿ."

"ಗಾಡಿ ನಂದು ಕಣ್ಲಾ."

"ನಮ್ಮಣ್ಣಂದು. ಎಂಗಸರಿಗೆ ಯಾಕೆ ಕಾರು? ನಾಳಿದ್ದು ಎತ್ತು ತತ್ತೀನಿ. ಅಷ್ಟ್ರಲ್ಲಿ ಓಡ್ಸಿ ತೋರ್ಸು, ಆಮೇಲೆ ಈ ಗಾಡಿ ಸುದ್ದಿಗೇ ಬರಾಕಿಲ್ಲ."

"ತೋರುಸ್ತೀನಿ ಬುಡು," ಅಂದಳು. ಹೇಗೆ ಎಂಬುದು ಅವಳಿಗೂ ಗೊತ್ತಿರಲಿಲ್ಲ.

ಅವತ್ತೇ ಬಸ್ಸು ಹತ್ತಿ ಮದ್ದೂರಿಗೆ ಹೋದಳು. ಗಂಡನ ಕಾಲದಿಂದ ಗಾಡಿ ನೋಡುತ್ತಿದ್ದ ಮೇಸ್ತ್ರಿ ಪುಟ್ಟಸ್ವಾಮಿ ಎಲ್ಲ ಕೇಳಿಸಿಕೊಂಡ.

"ಎಣ್ಣೆ ಬದಲಾಯ್ಸಿದ್ದು ಯಾವಾಗಕ್ಕ?"

"ಅವರು ಎಲ್ಲಿ ಬದಲಾಯ್ಸೋರು? ಕಮ್ಮಿಯಾದಂಗೆ ಮೇಲೆ ಸುರಿಯೋರು. ನಾನೂ ಅಂಗೇ ಮಾಡ್ದೆ."

"ಹಂಗಾರೆ ಅಡೀಲಿ ಮಡ್ಡಿ ಕಟ್ಟದೆ. ಎಣ್ಣೆ ಹೀರೋ ಬಾಯಿಗೆ ಒಂದು ಜಾಲರಿ ಇರ್ತದೆ, ಅದು ಮುಚ್ಕೊಂಡದೆ. ಬೇರಿಂಗ್ ಸವೆದೋಗಿಲ್ದಿದ್ರೆ ಗಾಡಿ ಬದುಕ್ತು. ನನಗೆ ಈ ವಾರ ಬರಾಕಾಗಕಿಲ್ಲ."

"ನೀ ಬರೋದು ಬ್ಯಾಡ. ತೋರ್ಸು, ನಾ ಬಿಚ್ಕತೀನಿ."

ಪುಟ್ಟಸ್ವಾಮಿ ಅವಳ ಮುಖವನ್ನೊಮ್ಮೆ ನೋಡಿ, ಗ್ಯಾರೇಜಿನಲ್ಲಿದ್ದ ಇನ್ನೊಂದು ಗಾಡಿಯ ಅಡಿಗೆ ಅವಳನ್ನು ಕರೆದು ಎಲ್ಲ ತೋರಿಸಿದ. ಬೋಲ್ಟು ಬಿಚ್ಚುವ ಪಾನಾಗಳನ್ನು ಕೊಟ್ಟ. ಎಂಜಿನ್ನಿನ ಅಡಿಯಲ್ಲಿ ಎಣ್ಣೆ ನಿಲ್ಲುವ ಚೇಂಬರಿನ ಬಾಯಿಗೆ ಹಾಕುವ ಪ್ಯಾಕಿಂಗ್ ಎರಡು ಕೊಟ್ಟು, "ಒಂದು ಹರಿದ್ರೆ ಇನ್ನೊಂದಿರ್ಲಿ," ಅಂದ.

ಮಾರನೆಯ ದಿನ, ಅಡಿಗೆ ನುಗ್ಗಲು ಜಾಗ ಸಿಗಲೆಂದು, ಮನೆಯ ಹಿಂದಿನ ಒಣಗಿದ ಕಿರುಗಾಲುವೆಯ ಎರಡು ಬದಿಗೂ ಚಕ್ರ ನಿಲ್ಲುವಂತೆ ಗಾಡಿಯನ್ನು ತಳ್ಳಬೇಕಿತ್ತು. ಒಬ್ಬಳೇ ಹೆಗಲು ಕೊಟ್ಟು ಏದುಸಿರು ಬಿಡುತ್ತಿದ್ದಾಗ ಪಕ್ಕದಲ್ಲಿ ಇನ್ನೊಂದು ಹೆಗಲು ಬಂದು ನಿಂತಿತು. ಓರಗಿತ್ತಿ ದೇವಿರಮ್ಮ, ಮುದ್ದಯ್ಯನ ಹೆಂಡತಿ.

"ನಿನ್ನ ಗಂಡ ನೋಡಿದ್ರೆ?"

"ನೋಡ್ಲಿ. ತಳ್ಳಕ್ಕ."

ಚಿಕ್ಕಬೋರಮ್ಮ ಕಾಲುವೆಯೊಳಗೆ ಮಲಗಿ ಎಣ್ಣೆ ಬಸಿದು, ಬೋಲ್ಟುಗಳನ್ನು ಒಂದೊಂದಾಗಿ ಸಡಿಲಿಸಿ ಚೇಂಬರನ್ನು ಎದೆಯ ಮೇಲೆ ಇಳಿಸಿಕೊಂಡಳು. ಒಳಗೆ ಎತ್ತಿನ ಗಾಡಿಯ ಕೀಲಿಗೆ ಹಾಕುವ ಕೀಲೆಣ್ಣೆಯಂತೆ ಕರ್ರಗೆ, ಗಟ್ಟಿಯಾಗಿ ಕೂತಿತ್ತು ಮಡ್ಡಿ. ಜಾಲರಿ ಇದೆಯೆಂದೇ ತಿಳಿಯುವಂತಿರಲಿಲ್ಲ. ಬೆರಳಲ್ಲಿ ಬಗೆದಳು, ಸೀಮೆಎಣ್ಣೆಯಲ್ಲಿ ಅದ್ದಿ ತಿಕ್ಕಿದಳು. ಒಂದೊಂದೇ ತೂತು ಬೆಳಕಿಗೆ ತೆರೆದುಕೊಂಡಾಗ ಅವಳಿಗೆ ಉಸಿರು ಬಂದಂತಾಯಿತು. ಎಲ್ಲ ಒರೆಸಿ, ಕೂಡಿಸಿ, ಹೊಸ ಎಣ್ಣೆ ಸುರಿದು ಎಂಜಿನ್ ಎಬ್ಬಿಸಿದಳು. ಮುಳ್ಳು ಸರಕ್ಕನೆ ಮೇಲೆದ್ದಿತು. ದೇವಿರಮ್ಮ ಚಪ್ಪಾಳೆ ತಟ್ಟಿದಳು. ಆ ಸದ್ದು ಅಡಗುವ ಮೊದಲೇ ಮುಳ್ಳು ನಡುಗುತ್ತಾ ಇಳಿದು ಮತ್ತೆ ಸೊನ್ನೆಗೆ ಬಂತು.

ಬೇಲಿಯಾಚೆ ನಿಂತಿದ್ದ ಮುದ್ದಯ್ಯ ನಕ್ಕ. "ಸತ್ತೋಗಿರೋದ್ಕೆ ನೀರು ಬುಡ್ತಾ ಅವ್ಳೆ!"

ಚಿಕ್ಕಬೋರಮ್ಮ ಎಂಜಿನ್ ಆರಿಸಿದಳು. ಕಣ್ಣು ಉರಿಯುತ್ತಿತ್ತು. ಜಾಲರಿ ಚೊಕ್ಕವಾಗಿತ್ತಲ್ಲ, ಮತ್ತೆ ಮುಚ್ಚಿದ್ದು ಯಾವುದು? ಎದ್ದು ಎಂಜಿನ್ನಿನ ಮೇಲಿನ ಮುಚ್ಚಳ ಬಿಚ್ಚಿದಳು. ಅಲ್ಲಿಯೂ ಅದೇ ಮಡ್ಡಿ, ಹೆಪ್ಪುಗಟ್ಟಿ ಕೂತಿದೆ. ಹೊಸ ಎಣ್ಣೆಗೆ ಕರಗಿ ಕೆಳಗಿಳಿದು ಜಾಲರಿಗೆ ಅಡರಿಕೊಂಡಿರುವುದು ಅದೇ. ಹಾಗಾದರೆ ಬೇರಿಂಗು ಹೋಗಿಲ್ಲ!

"ದೇವಿ, ಇನ್ನೊಂದ್ಸಲ ಬಿಚ್ಚವಾ. ಈ ಸಲ ತಲೆಯಿಂದ."

ಬೆಳಗಾಗುತ್ತಲೇ ಮೇಲಿನದನ್ನೆಲ್ಲ ಕೆರೆದು, ತೊಳೆದು, ಮತ್ತೆ ಕಾಲುವೆಗಿಳಿದಳು. ಚೇಂಬರು ಅರ್ಧ ಕಳಚಿತ್ತು. ಬೆನ್ನಿಗೆ ತಣ್ಣಗೆ ಏನೋ ತಾಗಿತು. ನೀರು! ಮೇಲಿನ ತೂಬಿನಿಂದ ಹರಿದು ಬರುತ್ತಿತ್ತು.

"ಕಬ್ಬಿಗೆ ನೀರು ಬುಟ್ಟಿವ್ನಿ, ಎದ್ದು ಬಾ ಅತ್ಗೆ!" ಮುದ್ದಯ್ಯನ ದನಿ.

ಅವಳು ಏಳಲಿಲ್ಲ. ಕೈ ಬಿಟ್ಟರೆ ಚೇಂಬರು ನೀರಿಗೆ ಬೀಳುತ್ತದೆ. ನೀರು ಕಿವಿಯ ತನಕ ಏರಿತು. "ಬರಾಕಿಲ್ಲ ಕಣ್ಲಾ! ಮುಳುಗುಸ್ತೀಯಾ, ಮುಳುಗ್ಸು!" ಎಂದು ಅಲ್ಲಿಂದಲೇ ಕೂಗಿದಳು.

ಆಗ ಗುದ್ದಲಿಯ ಸದ್ದು ಕೇಳಿತು. ದೇವಿರಮ್ಮ ಸೀರೆ ಎತ್ತಿ ಕಟ್ಟಿ ಕಾಲುವೆಗೆ ಧುಮುಕಿ, ಏರಿಯ ಮಣ್ಣನ್ನು ಎಳೆದೆಳೆದು ನೀರಿಗೆ ಅಡ್ಡ ಹಾಕುತ್ತಿದ್ದಳು. ಮುದ್ದಯ್ಯ ಹತ್ತಿರ ಬಂದ.

"ಯಾರ ಮನೆ ಅನ್ನ ತಿಂತಿದ್ದೀಯೆ ನೀನು?"

"ನಾನೇ ನಾಟಿ ಮಾಡಿ, ನಾನೇ ಬೇಯ್ಸಿದ ಅನ್ನ ತಿಂತಿವ್ನಿ. ಇನ್ನೊಂದು ಹೆಜ್ಜೆ ಮುಂದಿಟ್ರೆ ಈ ಮಣ್ಣು ನಿನ್ನ ಮೇಲೆ!"

ಇಷ್ಟು ವರ್ಷದಲ್ಲಿ ಅವಳು ಗಂಡನಿಗೆ ಹಾಗೆ ಎದುರಾಡಿದ್ದು ಅದೇ ಮೊದಲು. ಮುದ್ದಯ್ಯ ಇಟ್ಟ ಹೆಜ್ಜೆ ಹಿಂದಕ್ಕೆ ತೆಗೆದ. ತೂಬು ಮುಚ್ಚಿದವನೂ ಕೊನೆಗೆ ಅವನೇ.

ಮಧ್ಯಾಹ್ನ ಅವನು ಹೇಳಿದಂತೆಯೇ ಎತ್ತು, ಹಗ್ಗ ಹಿಡಿದು ಬಂದ. ಅಷ್ಟರಲ್ಲಿ ಜಾಲರಿ ತೊಳೆದು, ಎರಡನೆಯ ಪ್ಯಾಕಿಂಗ್ ಹಾಕಿ ಕೂಡಿಸಿದ ಎಂಜಿನ್ ಓಡುತ್ತಿತ್ತು. ಚಿಕ್ಕಬೋರಮ್ಮ ಮುಳ್ಳಿನ ಮೇಲೆ ಕಣ್ಣಿಟ್ಟು ಕೂತಿದ್ದಳು. ಅದು ಏರಿದ್ದು ಇಳಿಯಲಿಲ್ಲ. ಕಟಕಟ ಸದ್ದೂ ಇರಲಿಲ್ಲ. ಮೈಯೆಲ್ಲ ಕೆಸರು ಮೆತ್ತಿದ್ದ ದೇವಿರಮ್ಮ ಗಂಡನ ಕಣ್ಣೆದುರೇ ಬಾಗಿಲು ತೆಗೆದು ಮುಂದಿನ ಸೀಟಿನಲ್ಲಿ ಕೂತಳು.

"ಎತ್ತು ಪಕ್ಕಕ್ಕೆ ಹೊಡ್ಕೊ," ಅಂದಳು ಚಿಕ್ಕಬೋರಮ್ಮ. "ಬೆದರ್ತವೆ."

ಮುದ್ದಯ್ಯ ಎತ್ತುಗಳನ್ನು ಪಕ್ಕಕ್ಕೆ ಹೊಡೆದುಕೊಂಡ.

ಮದ್ದೂರಿನಲ್ಲಿ ಪುಟ್ಟಸ್ವಾಮಿ ಎಂಜಿನ್ನಿಗೆ ಕಿವಿಗೊಟ್ಟು ಕೇಳಿ ತಲೆದೂಗಿದ. "ಇನ್ನೂ ಒಳಗೆ ಚೂರುಪಾರು ಇರ್ತದೆ. ಈ ಎಣ್ಣೆ ಬೇಗ ಬದಲಾಯ್ಸುಬುಡಕ್ಕ."

"ಬದಲಾಯ್ಸವ. ಮೊದ್ಲು ಮಳವಳ್ಳಿಗೆ ಹೋಗ್ಬತ್ತೀವಿ."

"ಅಲ್ಲೇನು ಕೆಲಸ?"

"ಏನೂ ಇಲ್ಲ," ಅಂದಳು ದೇವಿರಮ್ಮ, ಕಿಟಕಿಯ ಮೇಲೆ ಮೊಣಕೈ ಊರಿ. "ಹೋಗ್ಬೇಕು ಅನ್ನುಸ್ತು, ಹೋಗ್ತಿದ್ದೀವಿ."