ಪಿಳ್ಳಪ್ಪನವರಿಗೆ ದಾರಿ ಬಿಡಿ

ಆಸ್ಪತ್ರೆಗೆ ಒಬ್ಬರು ಸೇರಿದರೆ ನಮ್ಮ ಕಡೆ ಇಡೀ ಬೀದಿಯೇ ಹೊರಟುಬರುತ್ತದೆ. ಹೊರಮಾವಿನ ಪಿಳ್ಳಪ್ಪನವರಿಗೆ ಹೃದಯದ ಆಪರೇಷನ್ ಆದ ದಿನವೂ ಹಾಗೇ ಆಯಿತು. ಥಿಯೇಟರ್ ಮುಂದಿನ ಲಿಫ್ಟ್ ಬಾಗಿಲಲ್ಲೇ ಹದಿನಾಲ್ಕು ಜನ ಠಿಕಾಣಿ ಹೂಡಿದ್ದರು. ಎಲ್ಲರಿಗಿಂತ ಮುಂದೆ ಹೆಂಡತಿ ಮುನಿವೆಂಕಟಮ್ಮ. ಮುಷ್ಟಿಯಲ್ಲಿ ಉಪ್ಪು, ಒಣಮೆಣಸಿನಕಾಯಿ.

ನರ್ಸ್ ನೂರುನ್ನೀಸಾ ಹೊರಗೆ ಬಂದರು. ನಗುನಗುತ್ತಲೇ ಗದರುವ ಹೆಂಗಸು.

"ಆಪರೇಷನ್ ಚೆನ್ನಾಗಾಯ್ತಮ್ಮ. ಈಗ ಐಸಿಯುಗೆ ಕರ್ಕೊಂಡು ಹೋಗ್ತೀವಿ. ಇದೇನು ಕೈಯಲ್ಲಿ?"

"ದೃಷ್ಟಿ ತೆಗೀಬೇಕು ಸಿಸ್ಟರ್. ಅವರನ್ನ ಮಲಗಿಸ್ಕೊಂಡು ಬರೋ ಗಾಡಿ ಒಂದ್ನಿಮಿಷ ನಿಲ್ಸಿ, ಮೂರು ಸುತ್ತು ಅಷ್ಟೇ."

"ನಿಲ್ಸೋ ಹಂಗಿಲ್ಲ. ಉಸಿರಾಟಕ್ಕೆ ಬಾಯಲ್ಲಿ ಟ್ಯೂಬ್ ಇರುತ್ತೆ."

ಮುನಿವೆಂಕಟಮ್ಮನ ಮುಖ ಸಪ್ಪಗಾಯಿತು. "ಟ್ಯೂಬ್ ಹಾಕಿದ್ರೆ ಮುಗೀತು ಅಂತಾರಲ್ಲಮ್ಮ! ನನ್ಹತ್ರ ಸುಳ್ಳು ಹೇಳ್ತಿದ್ದೀರಾ?"

"ಯಾರು ಹೇಳಿದ್ದು? ಮತ್ತಿನ ಔಷಧಿ ಇನ್ನೂ ಇಳಿದಿಲ್ಲ. ಅವರಾಗೇ ಉಸಿರಾಡೋ ತನಕ ನಾವು ಉಸಿರು ಕೊಡ್ತೀವಿ. ದಾರಿಯುದ್ದಕ್ಕೂ ಒಬ್ಬರು ಕೈಯಲ್ಲಿ ಗಾಳಿ ಚೀಲ ಒತ್ತುತ್ತಾನೇ ಬರ್ತಾರೆ. ನೀವು ಮೇಲೆ ಬಿದ್ದು ಟ್ಯೂಬ್ ಜರುಗಿದ್ರೆ ಉಸಿರು ನಿಂತೋಗ್ಬಹುದು."

"ಒಂದು ಗಳಿಗೆಗೆ ಏನಾಗುತ್ತೆ ಬಿಡಿ ಸಿಸ್ಟರ್" ಎಂದ ಮೈದುನ ಜಗದೀಶ್.

"ಹಂಗಾದ್ರೆ ನೀವು ಉಸಿರು ಬಿಗಿಹಿಡ್ಕೊಳ್ಳಿ. ಅಮ್ಮಾ, ಇವರಿಗೇ ದೃಷ್ಟಿ ತೆಗೀರಿ. ನಿಧಾನಕ್ಕೆ."

ಮುನಿವೆಂಕಟಮ್ಮ ತೆಗೆದೇಬಿಟ್ಟರು. ಎರಡನೇ ಸುತ್ತಿಗೇ ಜಗದೀಶನ ಮುಖ ಕೆಂಪಾಯಿತು; ಗೋಡೆ ಹಿಡಿದು ಏದುಸಿರು ಬಿಟ್ಟ. ಎಲ್ಲರೂ ಗೊಳ್ಳೆಂದು ನಕ್ಕರು. ಮುನಿವೆಂಕಟಮ್ಮ ಮಾತ್ರ ನಗಲಿಲ್ಲ.

"ಗಟ್ಟಿಮುಟ್ಟಾಗಿರೋ ಇವನೇ ಹಿಂಗಾದ್ರೆ, ಎದೆ ಕುಯ್ದಿರೋ ನಮ್ಮೆಜಮಾನ್ರ ಗತಿ ಏನು?" ಅವರಿಗೆ ನಿಜಕ್ಕೂ ಹೆದರಿಕೆಯಾಗಿತ್ತು.

ಅಷ್ಟರಲ್ಲಿ ಗಾಡಿ ಬಂತು.

"ಎಲ್ರೂ ಗೋಡೆಗೆ ಸರೀರಿ! ಲಿಫ್ಟ್ ಬಿಡ್ರೋ! ಏ ಜಗದೀಶಾ, ಫೋನ್ ಒಳಗಿಡು!" ಕೂಗಿದ್ದು ನರ್ಸಲ್ಲ, ಮುನಿವೆಂಕಟಮ್ಮ.

ಹದಿನಾಲ್ಕು ಜನವೂ ಗೋಡೆಗೆ ಅಂಟಿ ನಿಂತರು. ಚೀಲ ಒತ್ತಿದಾಗಲೆಲ್ಲ ಪಿಳ್ಳಪ್ಪನವರ ಎದೆ ಮೇಲೇರುತ್ತಿತ್ತು. ಮುನಿವೆಂಕಟಮ್ಮ ಮುಟ್ಟಲಿಲ್ಲ, ಕರೆಯಲಿಲ್ಲ, ಕಣ್ತುಂಬ ನೋಡಿದರು. ಲಿಫ್ಟ್ ಮೇಲೆ ಹೋಯಿತು.

ಮರುದಿನ ಬೆಳಿಗ್ಗೆ ಟ್ಯೂಬ್ ತೆಗೆದರು. ಒಬ್ಬರೇ ಒಳಗೆ ಹೋದ ಮುನಿವೆಂಕಟಮ್ಮನನ್ನು ಪಿಳ್ಳಪ್ಪನವರು ಗೊಗ್ಗರು ದನಿಯಲ್ಲಿ ಕೇಳಿದರು: "ಊಟ ಮಾಡಿದ್ಯಾ?" ಆಕೆ ಅಳುತ್ತಲೇ ನಕ್ಕುಬಿಟ್ಟರು.

ಓದುತ್ತಿರುವವರೇ, ನಾಳೆ ನಿಮ್ಮವರಿಗೂ ಇಂಥ ಆಪರೇಷನ್ ಆಗಬಹುದು. ಟ್ಯೂಬ್ ಕಂಡು ಎದೆಗುಂದಬೇಡಿ. ಅನುಮಾನವಿದ್ದರೆ ಡಾಕ್ಟರನ್ನೋ ನರ್ಸನ್ನೋ ಮೊದಲೇ ಕೇಳಿ. ಗಾಡಿ ಬಂದಾಗ ಮಾತ್ರ ಲಿಫ್ಟು, ದಾರಿ ಎರಡನ್ನೂ ಖಾಲಿ ಬಿಡಿ. ಆ ಕೆಲವು ನಿಮಿಷ ನಿಮ್ಮವರ ಉಸಿರು ಇನ್ನೊಬ್ಬರ ಕೈಯಲ್ಲಿರುತ್ತದೆ. ಆ ಕೈಗೆ ಅಡ್ಡ ಬರಬೇಡಿ.